ಅನುಬಂಧ 3 ಯಾಕೆ ಕೊಡಲಿಲ್ಲ?

ಹೋದ ವರ್ಷ ಮಾಹಿತಿ ಹಕ್ಕಿನಡಿ ಒಂದು ಕಚೇರಿಗೆ ಅರ್ಜಿ ಹಾಕಿದ್ದೆ. ಬಸ್ ನಿಲ್ದಾಣದ ಶೌಚಾಲಯ ನೋಡಿಕೊಳ್ಳುವ ಕೆಲಸವನ್ನು ಖಾಸಗಿ ಕಂಪನಿಗೆ ಗುತ್ತಿಗೆ ಕೊಟ್ಟಿದ್ದರು. ನಲ್ಲಿಯಲ್ಲಿ ನೀರಿಲ್ಲ, ಅರ್ಧಕ್ಕರ್ಧ ಬಾಗಿಲಿಗೆ ಬೀಗ. ಕರಾರಿನಲ್ಲಿ ಏನು ಬರೆದುಕೊಂಡಿದ್ದಾರೆ ನೋಡೋಣ ಅಂತ ಪ್ರತಿ ಕೇಳಿದೆ.

ಬಂತು. ಹದಿನೆಂಟು ಪುಟ. ಪ್ರತಿ ಪುಟದ ಕೆಳಗೂ ಎರಡೂ ಕಡೆಯವರ ಸಹಿ, ಸೀಲು. ಆದರೆ ಬೇಕಾದ ಜಾಗದಲ್ಲೆಲ್ಲ ಒಂದೇ ಸಾಲು: ‘ಅನುಬಂಧ 3ರಲ್ಲಿ ತಿಳಿಸಿರುವಂತೆ’. ದಿನಕ್ಕೆ ಎಷ್ಟು ಸಲ ತೊಳೆಯಬೇಕು? ಅನುಬಂಧ 3. ಪಾಳಿಗೆ ಎಷ್ಟು ಜನ ಇರಬೇಕು? ಅನುಬಂಧ 3. ಕೆಲಸ ಮಾಡದಿದ್ದರೆ ಬಿಲ್ಲಿನಲ್ಲಿ ಎಷ್ಟು ಹಿಡಿಯಬೇಕು? ಅದೂ ಅನುಬಂಧ 3. ಆ ಅನುಬಂಧ ಒಂದನ್ನು ಬಿಟ್ಟು ಉಳಿದದ್ದೆಲ್ಲ ಕಳಿಸಿದ್ದರು. ಮತ್ತೆ ಕೇಳಿದ್ದಕ್ಕೆ ಎರಡು ಸಾಲಿನ ಹಿಂಬರಹ ಬಂತು. ಅದು ಮೂರನೇ ವ್ಯಕ್ತಿಗೆ, ಅಂದರೆ ಆ ಕಂಪನಿಗೆ, ಸೇರಿದ ಗೌಪ್ಯ ವಾಣಿಜ್ಯ ಮಾಹಿತಿ, ಕೊಡಲು ಬರುವುದಿಲ್ಲವಂತೆ.

ಶೌಚಾಲಯ ದಿನಕ್ಕೆ ಎಷ್ಟು ಸಲ ತೊಳೆಯಬೇಕು ಅನ್ನುವುದು ಯಾರ ವ್ಯಾಪಾರದ ಗುಟ್ಟು? ಆ ಹಿಂಬರಹ ಓದಿದ ದಿನ ನನಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ಇವತ್ತಿಗೂ ಇಳಿದಿಲ್ಲ.

ವ್ಯಾಪಾರದ ಗುಟ್ಟು ಅನ್ನುವುದು ಇಲ್ಲವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಔಷಧಿ ತಯಾರಿಸುವ ವಿಧಾನ ಇರಬಹುದು, ಸಾಫ್ಟ್‌ವೇರಿನ ಕೋಡ್ ಇರಬಹುದು. ಟೆಂಡರ್ ತೆರೆಯುವ ಮುಂಚೆ ಯಾರು ಎಷ್ಟು ದರ ಹಾಕಿದ್ದಾರೆ ಅನ್ನುವುದೂ ಹೊರಗೆ ಬರಬಾರದು. ಸರಿ. ಆದರೆ ಕರಾರಿಗೆ ಸಹಿ ಬಿದ್ದ ಮೇಲೆ? ಎಷ್ಟು ದುಡ್ಡು, ಎಷ್ಟು ವರ್ಷ, ಯಾವ ಕೆಲಸ, ತಪ್ಪಿದರೆ ಏನು ದಂಡ, ಅವಧಿ ಮುಗಿದಾಗ ಯಾರು ಯಾಕೆ ವಿಸ್ತರಿಸಿದರು. ಇದರಲ್ಲಿ ಕಂಪನಿಯ ಗುಟ್ಟು ಅಂತ ಒಂದೂ ಇಲ್ಲ. ದುಡ್ಡು ಕೊಡುವವರು ಜನ. ಕೊಂಡವರಿಗೇ ರಸೀದಿ ತೋರಿಸುವುದಿಲ್ಲ ಅಂದರೆ ಹೇಗೆ?

ಕಾನೂನಿನಲ್ಲಿ ದಾರಿ ಇಲ್ಲ ಅಂತಲ್ಲ. ಸರ್ಕಾರಿ ದಾಖಲೆ ನೋಡುವ ಹಕ್ಕನ್ನು ಸ್ವೀಡನ್ 1766ರಲ್ಲೇ ಕಾನೂನು ಮಾಡಿ ಕೊಟ್ಟಿತು. ಭಾರತದ 2005ರ ಮಾಹಿತಿ ಹಕ್ಕು ಕಾಯ್ದೆ ವ್ಯಾಪಾರದ ಗುಟ್ಟಿಗೆ ರಕ್ಷಣೆ ಕೊಡುತ್ತದೆ ನಿಜ. ಆದರೆ ಸಾರ್ವಜನಿಕ ಹಿತ ದೊಡ್ಡದಾಗಿದ್ದರೆ ಅದನ್ನೂ ಕೊಡಬೇಕು ಅನ್ನುತ್ತದೆ. ಒಂದು ಭಾಗ ಗೌಪ್ಯವಾಗಿದ್ದರೆ ಅಷ್ಟನ್ನು ಮುಚ್ಚಿ ಉಳಿದದ್ದು ಕೊಡಿ ಅಂತಲೂ ಇದೆ. ಕಂಪನಿಯ ಅಭಿಪ್ರಾಯ ಕೇಳಬೇಕು, ಆದರೆ ಕೊನೆಯ ತೀರ್ಮಾನ ಅಧಿಕಾರಿಯದ್ದು. ಎಷ್ಟೋ ಕಡೆ ಇದು ಉಲ್ಟಾ ಆಗಿದೆ. ಕಂಪನಿ ಬೇಡ ಅಂದರೆ ಮುಗಿಯಿತು, ಅದನ್ನೇ ಹಿಂಬರಹ ಮಾಡಿ ಕಳಿಸುತ್ತಾರೆ.

ಗುಟ್ಟು ಮಾಡಿದರೆ ನಷ್ಟ ಯಾರಿಗೆ? ಕೋವಿಡ್ ಲಸಿಕೆಯ ಕರಾರುಗಳನ್ನೇ ನೋಡಿ. ದಕ್ಷಿಣ ಆಫ್ರಿಕಾದ ಸರ್ಕಾರ ಅವನ್ನು ತೋರಿಸಲು ಒಪ್ಪಲಿಲ್ಲ. ಒಂದು ಸಂಸ್ಥೆ ಕೋರ್ಟಿಗೆ ಹೋಯಿತು. 2023ರ ಆಗಸ್ಟಿನಲ್ಲಿ ಪ್ರಿಟೋರಿಯಾದ ಹೈಕೋರ್ಟ್ ಎಲ್ಲ ಕೊಡಿ ಅಂತ ಆದೇಶ ಮಾಡಿತು. ಹೊರಗೆ ಬಂದ ಮೇಲೆ ಆ ಸಂಸ್ಥೆಯವರು ಕೂತು ಲೆಕ್ಕ ಹಾಕಿದರು. ಒಂದು ಕಂಪನಿಗೆ ಡೋಸಿಗೆ 10 ಡಾಲರ್ ಕೊಟ್ಟಿದ್ದರು. ಅದೇ ಲಸಿಕೆಗೆ ಯುರೋಪ್ ಒಕ್ಕೂಟ ಕೊಟ್ಟದ್ದು 8.50 ಡಾಲರ್. ಬಡ ದೇಶ ಜಾಸ್ತಿ ಕೊಟ್ಟಿತ್ತು! ಪಕ್ಕದವರು ಎಷ್ಟು ಕೊಟ್ಟರು ಅಂತ ಗೊತ್ತಿಲ್ಲದೆ ಚೌಕಾಸಿ ಮಾಡುವುದಾದರೂ ಹೇಗೆ?

ಯುರೋಪಿನಲ್ಲೂ ಜನಕ್ಕೆ ಸಿಕ್ಕಿದ್ದು ಮಸಿ ಬಳಿದ ಪುಟಗಳೇ. ಲಸಿಕೆಯಿಂದ ತೊಂದರೆಯಾದರೆ ಪರಿಹಾರದ ಹೊರೆ ಯಾರ ಮೇಲೆ ಅನ್ನುವ ಷರತ್ತುಗಳಲ್ಲೂ ಸಾಲುಗಳನ್ನು ಮುಚ್ಚಿದ್ದರು. ಇದನ್ನು ಯಾಕೆ ಮುಚ್ಚಿದಿರಿ ಅನ್ನುವುದಕ್ಕೆ ಸರಿಯಾದ ಕಾರಣ ಕೊಟ್ಟಿಲ್ಲ ಅಂತ ಅಲ್ಲಿನ ನ್ಯಾಯಾಲಯ 2024ರ ಜುಲೈನಲ್ಲಿ ಹೇಳಿತು. ಅಷ್ಟು ಹೊತ್ತಿಗೆ ಲಸಿಕೆ ಹಾಕಿಸಿಕೊಂಡು ಮೂರು ವರ್ಷ ಆಗಿತ್ತು.

ಇನ್ನೊಂದು ವಿಷಯ ಇದಕ್ಕಿಂತ ಜಾಸ್ತಿ ಕಾಡುತ್ತದೆ. ಕೆಲಸ ಖಾಸಗಿಯವರ ಕೈಗೆ ಹೋದಾಗ ದಾಖಲೆಯೂ ಅದರ ಜೊತೆಗೇ ಹೋಗುತ್ತದೆ. ದೂರು ಪುಸ್ತಕ, ಕೆಲಸದವರ ಹಾಜರಿ, ನೀರು ಪರೀಕ್ಷೆಯ ವರದಿ ಎಲ್ಲ. ಕಚೇರಿಯಲ್ಲಿ ಕೇಳಿದರೆ ನಮ್ಮ ಹತ್ತಿರ ಇಲ್ಲ, ಕಂಪನಿಯವರನ್ನು ಕೇಳಿ ಅನ್ನುತ್ತಾರೆ. ಕಂಪನಿಯವರು ಮಾಹಿತಿ ಹಕ್ಕು ಕಾಯ್ದೆ ನಮಗೆ ಅನ್ವಯಿಸಲ್ಲ ಅನ್ನುತ್ತಾರೆ. ಅದೇ ಕೆಲಸ ಸರ್ಕಾರವೇ ಮಾಡುತ್ತಿದ್ದಾಗ ಕೇಳಿದರೆ ಸಿಗುತ್ತಿದ್ದ ಕಾಗದ ಅದು. ಬ್ರಿಟನ್ನಿನಲ್ಲಿ 2018ರ ಜನವರಿಯಲ್ಲಿ ಕರಿಲಿಯನ್ ಕಂಪನಿ ದಿವಾಳಿಯಾದಾಗ ನಾನೂರಕ್ಕೂ ಹೆಚ್ಚು ಸರ್ಕಾರಿ ಗುತ್ತಿಗೆಗಳು ಅದರ ಕೈಯಲ್ಲಿದ್ದವು. ಆಸ್ಪತ್ರೆ ಕಟ್ಟುವುದು, ಜೈಲು ನೋಡಿಕೊಳ್ಳುವುದು, ಶಾಲೆಗೆ ಊಟ ಕೊಡುವುದು. ಅಲ್ಲಿನ ಮಾಹಿತಿ ಕಾನೂನು ಇಂಥ ಕಂಪನಿಗಳಿಗೆ ನೇರವಾಗಿ ಅನ್ವಯಿಸುವುದಿಲ್ಲ. ದಕ್ಷಿಣ ಆಫ್ರಿಕಾದ 2000ದ ಕಾಯ್ದೆ ಈ ವಿಷಯದಲ್ಲಿ ಎಷ್ಟೋ ವಾಸಿ. ನಮ್ಮ ಒಂದು ಹಕ್ಕು ಉಳಿಸಿಕೊಳ್ಳಲು ಬೇಕಾದರೆ ಖಾಸಗಿ ಸಂಸ್ಥೆಯ ಹತ್ತಿರವೂ ದಾಖಲೆ ಕೇಳಬಹುದು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಸ್ಲೊವಾಕಿಯಾ ಮಾಡಿದ್ದು. 2011ರಿಂದ ಅಲ್ಲಿ ಸರ್ಕಾರಿ ಕರಾರನ್ನು ಅಂತರ್ಜಾಲದಲ್ಲಿ ಹಾಕಲೇಬೇಕು. ಹಾಕಿದ ಮಾರನೆಯ ದಿನದಿಂದ ಅದು ಜಾರಿಗೆ ಬರುತ್ತದೆ. ಮೂರು ತಿಂಗಳಲ್ಲಿ ಹಾಕದಿದ್ದರೆ ಕರಾರು ಆಗಿಯೇ ಇಲ್ಲ ಅಂತ ಲೆಕ್ಕ. ಅಲ್ಲಿ ಅರ್ಜಿ ಇಲ್ಲ, ಅಲೆದಾಟ ಇಲ್ಲ, ‘ಮೂರನೇ ವ್ಯಕ್ತಿ’ಯ ನೆಪವೂ ಇಲ್ಲ. ದುಡ್ಡು ಬೇಕಾದ ಕಂಪನಿಯೇ ಬೇಗ ಹಾಕಿ ಅಂತ ಕಚೇರಿಯ ಹಿಂದೆ ಬೀಳಬೇಕು. ಅಷ್ಟಾದರೂ ಕಂಪನಿಗಳು ಅಲ್ಲಿ ಸರ್ಕಾರದ ಜೊತೆ ವ್ಯವಹಾರ ಮಾಡುವುದನ್ನೇನೂ ಬಿಟ್ಟಿಲ್ಲ.

ಕರಾರಿನ ಪ್ರತಿ ಕೇಳುವವರಿಗೆ ನನ್ನ ಅನುಭವದಿಂದ ಒಂದು ಮಾತು. ಸುಮ್ನೆ ‘ಕರಾರಿನ ಪ್ರತಿ’ ಅಂತ ಬರೆಯಬೇಡಿ. ಎಲ್ಲ ಅನುಬಂಧ, ದರಪಟ್ಟಿ, ತಿದ್ದುಪಡಿ, ಅವಧಿ ವಿಸ್ತರಣೆಯ ಆದೇಶ, ಪಾವತಿಯಾದ ಬಿಲ್ಲು, ಹಾಕಿದ ದಂಡದ ವಿವರ ಅಂತ ಒಂದೊಂದನ್ನೂ ಹೆಸರು ಹಿಡಿದು ಕೇಳಿ. ನಾನು ಮೊದಲ ಅರ್ಜಿಯಲ್ಲಿ ಅದನ್ನು ಬರೆದಿರಲಿಲ್ಲ.

ಈಗ ಮೇಲ್ಮನವಿ ಹಾಕಿದ್ದೇನೆ. ಮುಂದಿನ ತಿಂಗಳು ವಿಚಾರಣೆ. ಹದಿನೆಂಟು ಪುಟದಲ್ಲಿ ‘ಅನುಬಂಧ 3’ ಬಂದ ಕಡೆಯೆಲ್ಲ ಪೆನ್ಸಿಲಿನಲ್ಲಿ ಗೆರೆ ಎಳೆದಿಟ್ಟುಕೊಂಡಿದ್ದೇನೆ. ಒಟ್ಟು ಹನ್ನೊಂದು ಸಲ ಇದೆ. ಅಷ್ಟನ್ನೂ ಅಧಿಕಾರಿಯ ಮುಂದೆ ಓದಿ ಹೇಳುತ್ತೇನೆ.