ಅವರಿಬ್ಬರು ಬಡಿದಾಡಿದರೆ ನಮಗೇನು ಸಿಗುತ್ತೆ?

ನಿನ್ನೆ ಸಂಜೆ ಕೌಲ್‌ಬಜಾರಿನ ಮಿರ್ಚಿ ಬಂಡಿ ಹತ್ರ ಒಬ್ಬರು ಜೋರಾಗಿ ಭಾಷಣ ಬಿಗಿಯುತ್ತಿದ್ದರು. "ಅಮೆರಿಕ, ಚೀನಾ ಬಡಿದಾಡ್ಲಿ ಬಿಡ್ರಿ. ಅವರ ಫ್ಯಾಕ್ಟರಿ ಎಲ್ಲ ಸೀದಾ ನಮ್ಮ ಕಡೆಗೇ ಬರ್ತಾವ!" ಸುತ್ತ ನಿಂತವರೆಲ್ಲ ಹೌದು ಹೌದು ಅಂತ ತಲೆ ಆಡಿಸಿದರು. ನನಗೆ ಮಿರ್ಚಿಗಿಂತ ಆ ಮಾತೇ ಜಾಸ್ತಿ ಖಾರ ಆಯ್ತು.

ಬೇರೆ ಊರಿನವರು ಹೀಗಂದರೆ ಸುಮ್ನಿರಬಹುದು. ಬಳ್ಳಾರಿಯವರು ಅಂದರೆ ಹೇಗ್ರಿ? ಕಬ್ಬಿಣದ ಅದಿರು ಸಾಗಿಸೋಕೆ ಸಾಲ ಮಾಡಿ ತಗೊಂಡ ನಮ್ಮ ಲಾರಿ ಕಥೆ ನಿಮಗೆಲ್ಲ ಗೊತ್ತೇ ಇದೆ. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮುಂಚೆ ಚೀನಾಕ್ಕೆ ಎಷ್ಟು ಅದಿರು ಕೊಟ್ಟರೂ ಸಾಲುತ್ತಿರಲಿಲ್ಲ. ಸಂಡೂರಿನಿಂದ ಬೇಲೇಕೇರಿ ಬಂದರಿನವರೆಗೆ ಲಾರಿಯೋ ಲಾರಿ. ಬೆಳಿಗ್ಗೆ ಒಣಹಾಕಿದ ಬಿಳಿ ಪಂಚೆ ಸಂಜೆಗೆ ಕೆಂಪಾಗುತ್ತಿತ್ತು. ಅದೇ ವರ್ಷ ಅಮೆರಿಕದ ಬ್ಯಾಂಕುಗಳು ಕುಸಿದವು. ಅಲ್ಲಿ ಕೊಳ್ಳುವವರಿಲ್ಲ, ಚೀನಾದಲ್ಲಿ ಫ್ಯಾಕ್ಟರಿಗಳು ಮಂಕು, ಅದಿರಿನ ರೇಟು ನೆಲ ಕಚ್ಚಿತು. ನಮ್ಮ ಲಾರಿ ಮನೆ ಮುಂದೆ ನಿಂತಿತು. ಸಾಲದ ಕಂತು ನಿಲ್ಲಲಿಲ್ಲ. (2011ರಲ್ಲಿ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸಿದ್ದು ಬೇರೆ ಕಥೆ. ಅದರಲ್ಲಿ ನಮ್ಮವರ ಪಾಪವೇ ಜಾಸ್ತಿ.)

ಇನ್ನು ಆ ಫ್ಯಾಕ್ಟರಿ ಲೆಕ್ಕ. 2025ರ ಏಪ್ರಿಲ್‌ನಲ್ಲಿ ಅಮೆರಿಕ ಚೀನಾ ಮೇಲೆ ಶೇ. 145 ಸುಂಕ ಹಾಕಿತು, ಚೀನಾ ಶೇ. 125 ಹಾಕಿತು. ಇಲ್ಲಿ ಚಪ್ಪಾಳೆ. ಮೇ ತಿಂಗಳಲ್ಲಿ ಇಬ್ಬರೂ ಜಿನೀವಾದಲ್ಲಿ ಕೂತು ಅದನ್ನು 30ಕ್ಕೆ, 10ಕ್ಕೆ ಇಳಿಸಿಕೊಂಡರು. ಆಗಸ್ಟ್‌ನಲ್ಲಿ ಅಮೆರಿಕದಿಂದ ನಮಗೆ ಬಿದ್ದಿದ್ದು ಶೇ. 50. ಈಗ ಹೊಡೀರಿ ಚಪ್ಪಾಳೆ!

ಅವರಿಬ್ಬರು ಹೆಗಲ ಮೇಲೆ ಕೈ ಹಾಕಿಕೊಂಡು ಓಡಾಡಲಿ ಅಂತ ನಾನೇನೂ ಹೇಳ್ತಿಲ್ಲ. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಬೀಜಿಂಗ್‌ಗೆ ಹೋದಾಗ ವಿಯೆಟ್ನಾಂ ಯುದ್ಧ ಇನ್ನೂ ನಡೀತಿತ್ತು, ಚೀನಾ ಎದುರು ಪಾಳಯದಲ್ಲಿತ್ತು. ಆದರೂ ಶಾಂಘೈನಲ್ಲಿ ಇಬ್ಬರೂ ಸೇರಿ ಒಂದು ಹೇಳಿಕೆ ಬರೆದರು. ಅದರಲ್ಲಿ ನಮ್ಮ ಅಭಿಪ್ರಾಯ ಇದು, ಅವರದ್ದು ಅದು ಅಂತ ಬೇರೆಬೇರೆಯಾಗಿಯೇ ಇತ್ತು. ನನಗೆ ಅದು ಬಹಳ ಇಷ್ಟ. ಸುಳ್ಳು ನಗು ಇಲ್ಲ, ಮಾತು ಇದೆ. 2023ರ ಫೆಬ್ರವರಿಯಲ್ಲಿ ಏನಾಯ್ತು ನೋಡಿ. ಅಮೆರಿಕ ಚೀನಾದ ಬಲೂನು ಹೊಡೆದುಹಾಕಿತು. ಅವರ ರಕ್ಷಣಾ ಸಚಿವರು ಮಾತಾಡೋಣ ಅಂದರೆ ಚೀನಾದ ಸಚಿವರು ಫೋನಿಗೇ ಬರಲಿಲ್ಲ! ಇಬ್ಬರ ಹತ್ರಾನೂ ಅಣುಬಾಂಬ್ ಇದೆ, ಮಾರಾಯ್ರೆ. ಸೇನೆಗಳ ಮಧ್ಯೆ ಮತ್ತೆ ಮಾತು ಶುರು ಮಾಡೋಣ ಅಂತ ಒಪ್ಪೋಕೆ ನವೆಂಬರ್ ಬರಬೇಕಾಯ್ತು.

"ಗಾಲ್ವಾನ್ ಮರೆತೆಯಾ?" ಅಂತೀರಿ, ಗೊತ್ತು. ಮರೆತಿಲ್ಲ. 2020ರಲ್ಲಿ ನಮ್ಮ 20 ಯೋಧರು ಹೋದರು. ಚೀನಾ ಹೆಸರು ಕೇಳಿದರೆ ನನಗೂ ಉರಿಯುತ್ತೆ. ಆದರೆ ಅಷ್ಟಾದ ಮೇಲೂ ನಮ್ಮ ಸೇನಾಧಿಕಾರಿಗಳೇ ಅವರೆದುರು ಸುತ್ತಿನ ಮೇಲೆ ಸುತ್ತು ಕೂತರು, 2024ರ ಅಕ್ಟೋಬರ್‌ನಲ್ಲಿ ಗಸ್ತಿನ ಬಗ್ಗೆ ಒಪ್ಪಂದ ಆಯ್ತು. ನಾವು ಮಾತಾಡಿದರೆ ಜಾಣತನ, ಅಮೆರಿಕ ಮಾತಾಡಿದರೆ ನಮಗೆ ಮೋಸ, ಅಲ್ವಾ?

ಕಾಮೆಂಟಿನಲ್ಲಿ ನನ್ನನ್ನು ಚೀನಾ ಏಜೆಂಟ್ ಅನ್ನೋರು ಧಾರಾಳವಾಗಿ ಅನ್ನಿ. ಹೋದ ವಾರ ನೀವೇ ಅಮೆರಿಕದ ಏಜೆಂಟ್ ಅಂದಿದ್ರಿ. ಯಾರಾದರೂ ಒಬ್ಬರು ಸಂಬಳ ಕೊಟ್ಟರೆ ಹಳೇ ಲಾರಿ ಸಾಲ ತೀರಿಸಿಕೊಳ್ತೀನಿ.