ಉಳಿದ ಡಾಲರ್ ಮನೆಯಲ್ಲಿಟ್ಟರೆ ಅಪರಾಧವೇ? ಸ್ಪಷ್ಟನೆ

‘ವಿದೇಶದಿಂದ ಮರಳಿದ 180 ದಿನದೊಳಗೆ ಉಳಿದ ಹಣವನ್ನೆಲ್ಲ, ಚಿಲ್ಲರೆ ಸಹಿತ, ಬ್ಯಾಂಕಿಗೆ ಒಪ್ಪಿಸದಿದ್ದರೆ ಅಪರಾಧ, ವಿಮಾನದಲ್ಲೇ ದಾನ ಮಾಡಿಬಿಡಿ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿರುವ ಸಂದೇಶ ಅರ್ಧ ಸತ್ಯ. ಭಾರತದ ನಿವಾಸಿಗಳು 2,000 ಅಮೆರಿಕನ್ ಡಾಲರ್ ಮೌಲ್ಯದವರೆಗೆ ನೋಟುಗಳನ್ನು ಇಟ್ಟುಕೊಳ್ಳಬಹುದು. ಗಡುವು ಅದಕ್ಕಿಂತ ಹೆಚ್ಚಿನದಕ್ಕೆ ಮಾತ್ರ. ನಾಣ್ಯಗಳಿಗಂತೂ ಮಿತಿಯೇ ಇಲ್ಲ.

ಆದರೂ ದಾನಕ್ಕೆ ನಾಣ್ಯವೇ ಸರಿ, ಏಕೆಂದರೆ ಇಲ್ಲಿನ ಮನಿ ಚೇಂಜರ್‌ಗಳು ಸಾಮಾನ್ಯವಾಗಿ ನೋಟು ಕೊಳ್ಳುತ್ತಾರೆ, ನಾಣ್ಯ ಮುಟ್ಟುವುದಿಲ್ಲ. ವಿಶ್ವಸಂಸ್ಥೆಯ ಮಕ್ಕಳ ಸಂಸ್ಥೆ ಯುನಿಸೆಫ್ 1987ರಿಂದ ಕೆಲವು ವಿಮಾನ ಸಂಸ್ಥೆಗಳ ಜೊತೆ ನಡೆಸುತ್ತಿರುವ ‘ಚೇಂಜ್ ಫಾರ್ ಗುಡ್’ ಎಂಬ ದಾನ ಸಂಗ್ರಹದ ಲಕೋಟೆಗೆ ಬೇರೆ ಬೇರೆ ದೇಶಗಳ ಚಿಲ್ಲರೆಯನ್ನು ಒಟ್ಟಿಗೇ ಹಾಕಬಹುದು. ಅಂಟಿಸಿ, ಇಳಿಯುವ ಮುನ್ನ ಸಿಬ್ಬಂದಿಯ ಕೈಗೇ ಕೊಡಿ. ಸೀಟಿನ ಜೇಬಿನಲ್ಲಿ ಬಿಟ್ಟರೆ ಕಸದ ಜೊತೆ ಹೋದೀತು. ಅಂದಹಾಗೆ, 2022ರ ಸೆಪ್ಟೆಂಬರ್ 30ರ ನಂತರ ಚಲಾವಣೆ ನಿಂತ ಬ್ರಿಟನ್ನಿನ 20, 50 ಪೌಂಡ್ ಕಾಗದದ ನೋಟು ರದ್ದಿಯಲ್ಲ. ಬ್ಯಾಂಕ್ ಆಫ್ ಇಂಗ್ಲೆಂಡ್ ಈಗಲೂ ಬದಲಿಸಿಕೊಡುತ್ತದೆ.