ಬೀದರದಾಗ ಭಾಳಷ್ಟು ಫುಕಟ್ ಅದ ಖರೆ, ಆದ್ರ ಎಷ್ಟೊತ್ತು ಕೂಡ್ತೀರಿ?

ಲಂಡನ್‌ದಾಗ ಇರ್ತೀನಿ ಅಂದ್ರ ನಮ್ಮ ಬೀದರ ಮಂದಿ ಮೊದಲು ಕೇಳೋದು, ಅಲ್ಲಿ ಭಾಳ ಖರ್ಚು ಅಲ್ಲೇನ್ರಿ ಅಂತ. ಹೌದು, ಮನಿ ಬಾಡಿಗಿ, ರೈಲು, ಹೊರಗಿನ ಊಟ ಜೀವ ತಿಂತಾವ. ಆದ್ರ ಆಯ್ತಾರ ದಿನ ಒಂದು ಪೌಂಡ್ ಬಿಚ್ಚದೆ ಮುಂಜಾನಿಂದ ಸಂಜಿತನ ಕಳೀಬೋದು ಅಂದ್ರ ಯಾರೂ ನಂಬಂಗಿಲ್ಲ. ಬ್ರಿಟಿಷ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿ, ಡೈನೋಸಾರ್ ಇರೋ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ, ವಿಕ್ಟೋರಿಯಾ ಅಂಡ್ ಆಲ್ಬರ್ಟ್, ಎಲ್ಲಾ ಫುಕಟ್. ಸ್ಪೆಷಲ್ ಪ್ರದರ್ಶನಕ್ಕ ಮಾತ್ರ ಟಿಕೆಟ್, ಮತ್ತ ಒಳಗಿನ ಚಹಾದ ರೇಟ್ ಕೇಳಬ್ಯಾಡ್ರಿ. ಕೆಲವಕ್ಕ ಮೊದ್ಲು ಟಿಕೆಟ್ ಇತ್ತು, 2001ರ ಡಿಸೆಂಬರ್‌ದಾಗ ತೆಗೆದ್ರು, ತೆಗೆದ ಮ್ಯಾಲ ಬರೋ ಮಂದಿ ಭಾಳ ಹೆಚ್ಚಾದ್ರು.

ಈಗ ನಮ್ಮೂರ ನೋಡ್ರಿ. ಆ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹದಾಗ ಬಿದರಿ ಹುಕ್ಕಾನೂ ಅವ, ಆದ್ರ ಅದು ಹ್ಯಾಂಗ ಆಗ್ತದ ಅಂತ ನೋಡಬೇಕಂದ್ರ ಬೀದರಿಗೇ ಬರಬೇಕು. ಹಳೇ ಊರಾಗ ಬಿದರಿ ಕೆಲಸದವರ ಬಾಗಿಲಾಗ ಸುಮ್ನ ನಿಂತ್ರ ಸಾಕು, ಬರ್ರಿ ಕೂಡ್ರಿ ಅಂತಾರ. ಸತು ತಾಮ್ರದ ಎರಕ, ಅದರ ಮ್ಯಾಲ ಉಳಿ ಹಿಡಿದು ಗೆರೆ ಕೊರೆಯೋದು, ಗೆರೆಯೊಳಗ ಬೆಳ್ಳಿ ತಂತಿ ಕೂಡಿಸಿ ಬಡಿಯೋದು, ಕಡೀಕ ಕೋಟೆ ಮಣ್ಣು, ನವಸಾಗರ ಅನ್ನೋ ಉಪ್ಪು ಕಲಸಿದ ಬಿಸಿನೀರಾಗ ಅದ್ದಿದ್ರ ಸತು ಕರ್ರಗಾಗ್ತದ, ಬೆಳ್ಳಿ ಹಂಗೇ ಹೊಳೀತದ. ಇದನ್ನ ಗಾಜಿನ ಪೆಟ್ಟಿಗಿ ತೋರ್ಸಂಗಿಲ್ಲ.

ಬೀದರ ಪಕ್ಕದ ಅಷ್ಟೂರ ಹಳ್ಳಿಯಾಗೂ ಹಂಗೇ. ಬಹಮನಿ ಸುಲ್ತಾನ ಅಹ್ಮದ್ ಶಾಹ್ ವಲಿ ಗೋರಿ ಗುಮ್ಮಟದ ಒಳಗ ಬಣ್ಣದ ಚಿತ್ರ ಅವ, ಕತ್ತಲಿ ಇರ್ತದ, ಅಲ್ಲಿ ನೋಡಕೊಳ್ಳೋರು ಬಾಗಿಲಾಗ ಕನ್ನಡಿ ಹಿಡಿದು ಬಿಸಲು ಒಳಗ ಹಾಯಿಸಿ ತೋರ್ಸ್ತಾರ. ಯಾವ ಲಂಡನ್‌ದಾಗ ಹಿಂಗ ತೋರ್ಸ್ತಾರ್ರೀ?

ಹಂಗಾದ್ರ ತಕರಾರು ಏನು ಅಂದ್ರ, ನಮ್ಮನಿಯಾಕಿ ಲಂಡನ್‌ದಾಗ ಒಬ್ಬಾಕೀನೇ ಮ್ಯೂಸಿಯಂಗೆ ಹೋಗಿ ಬೆಂಚಿನ ಮ್ಯಾಲ ಕೂತು ಮನಿಯಿಂದ ಒಯ್ದ ನೀರು ಕುಡಿದು ಸಂಜಿಗೆ ಬರ್ತಾಳ, ಬೀದರಿಗೆ ಬಂದ್ರ ಅದೇ ಆಕಿ ಕೋಟೆಗೆ ಹೋಗೋಣು ಅಂದ್ರ ಮೊದಲು ಕೇಳೋದು ಅಲ್ಲಿ ಬಾತ್ರೂಮ್ ಅದ ಏನು ಅಂತ. ಗಂಡಸರಿಗೆ ಈ ಪ್ರಶ್ನಿ ಬರಂಗೇ ಇಲ್ಲ, ಅದಕ್ಕೇ ನಾವು ಊರ ತುಂಬ ಫುಕಟ್ ಅದ ಅಂತ ಎದಿ ತಟ್ಟಿಕೊಂಡು ತಿರುಗ್ತೀವಿ. ಕೋಟೆಯೊಳಗಿನ ರಂಗೀನ್ ಮಹಲ್‌ದಾಗ ಕರಿಕಲ್ಲಿನೊಳಗ ಮುತ್ತಿನ ಚಿಪ್ಪು ಕೂಡಿಸ್ಯಾರ, ಅಂಥದ್ದು ದೇಶದಾಗ ಎಷ್ಟು ಕಡೆ ಅದ, ಆದ್ರ ಬಾಗಿಲಿಗಿ ಭಾಳ ಸಲ ಕೀಲಿ. ಗುರ್ತು ಇದ್ದೋರು, ಕೇಳಲಿಕ್ಕೆ ಸಂಕೋಚ ಇಲ್ಲದೋರು ಕೀಲಿ ತೆಗಿಸ್ಕೊಂಡು ನೋಡ್ತಾರ, ಉಳಿದೋರು ಹೊರಗ ಸೆಲ್ಫಿ ತಕ್ಕೊಂಡು ಹೋಗ್ತಾರ. ಬಹಮನಿ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾ 1472ರದು, ಗ್ವಾಡಿ ಮ್ಯಾಲಿನ ಬಣ್ಣದ ಟೈಲ್ಸ್ ಇನ್ನೂ ಉಳದಾವ, ಎಷ್ಟು ನೋಡಿದ್ರೂ ಸಾಲಂಗಿಲ್ಲ, ಆದ್ರ ಬಿಸಲಾಗ ಎಲ್ಲಿ ಕೂಡ್ತೀರಿ?

ಇದಕ್ಕ ಲಂಡನ್ ನೋಡಿ ಕಲೀಬೇಕಂತ ನಾ ಅನ್ನಂಗಿಲ್ಲ. ನಮ್ಮೂರ ಸಿಖ್ಖರ ಗುರುದ್ವಾರ ನಾನಕ್ ಝೀರಾ ನೋಡ್ರಿ ಸಾಕು. ಯಾರ್ ಬೇಕಾದ್ರೂ ಬರ್ರಿ, ತಲಿ ಮ್ಯಾಲ ಬಟ್ಟಿ ಹಾಕ್ಕೊಳ್ರಿ, ಚಪ್ಪಲಿ ಇಟ್ಟುಕೊಳ್ಳಲಿಕ್ಕೆ ಮಂದಿ ಅದಾರ, ಕಾಲು ತೊಳೀಲಿಕ್ಕೆ ನೀರದ, ನೆರಳದ, ಲಂಗರ್ ಅನ್ನೋ ಫುಕಟ್ ಊಟದಾಗ ಎಲ್ಲಾರೂ ಒಂದೇ ಸಾಲಿನ್ಯಾಗ ನೆಲಕ್ಕ ಕೂತು ರೊಟ್ಟಿ ದಾಲ್ ತಿಂತಾರ, ರೊಟ್ಟಿ ಎರಡೂ ಕೈ ಒಡ್ಡಿ ತಗೋಬೇಕು ಅಷ್ಟೇ. ನೀವು ಯಾರು, ಯಾಕ ಬಂದೀರಿ ಅಂತ ಯಾರೂ ಕೇಳಂಗಿಲ್ಲ. ಹೆಣ್ಣಮಕ್ಕಳು ಮಕ್ಕಳ ಕರ್ಕೊಂಡು ತಾಸುಗಟ್ಟಲೆ ಕೂತಿರ್ತಾರ. ಗುರು ಗೋಬಿಂದ್ ಸಿಂಗ್‌ರ ಮೊದಲ ಐದು ಖಾಲ್ಸಾ ಮಂದಿ, ಅಂದ್ರ ಪಂಜ್ ಪ್ಯಾರೇದಾಗ ಒಬ್ರಾದ ಭಾಯಿ ಸಾಹಿಬ್ ಸಿಂಗ್ ಈ ಊರಿನವರು ಅಂತ ದೂರದ ಪಂಜಾಬದಿಂದ ಮಂದಿ ಬರ್ತಾರ, ಬಂದೋರು ಕೋಟೆಗೂ ಹೋಗ್ತಾರ, ಅಲ್ಲಿ ಹೋಗಿ ಮತ್ತ ನೀರಿನ ಬಾಟ್ಲಿ ಹುಡಕ್ತಾರ.

ಹಂಗಾದ್ರ ಟಿಕೆಟ್ ಜೋರ್ ಇಡ್ರಿ, ರೊಕ್ಕ ಬಂದ್ರ ಬಾತ್ರೂಮೂ ಆಗ್ತದ, ನೆರಳೂ ಆಗ್ತದ ಅಂತ ನಮ್ಮ ದೋಸ್ತರು ವಾದ ಮಾಡ್ತಾರ. ಟಿಕೆಟ್ ಇರೋ ಜಾಗ ನೋಡಿವಿಲ್ಲೇನು, ಅಲ್ಲಿನೂ ನಲ್ಲಿಗಿ ನೀರಿರಂಗಿಲ್ಲ. ಮತ್ತ ಅಷ್ಟೂರಕ್ಕ ಏನ್ಮಾಡ್ತೀರಿ? ಹೋಳಿ ಆದ ಮ್ಯಾಲ ಅದೇ ಗುಮ್ಮಟದಾಗ ಆಗೋ ಹಬ್ಬಕ್ಕ ಒಬ್ರು ಉರುಸ್ ಅಂತಾರ, ಒಬ್ರು ಅಲ್ಲಮಪ್ರಭು ಜಾತ್ರೆ ಅಂತಾರ, ಜಂಗಮರು ನಡ್ಕೋತ ಬರ್ತಾರ. ಅವರ ಕೈಯಾಗೂ ಟಿಕೆಟ್ ಹರದು ಕೊಡ್ತೀರೇನ್ರಿ?